ಸೋಯಾ ತೆಗೆದು ಕಡಲೆಕಾಯಿ ಹಿಂಡಿ ಹಾಕಿದರೆ ಬ್ರಾಯ್ಲರ್‌ಗೆ ನಡೆಯುತ್ತಾ?

ಗೌರಿಬಿದನೂರು ಕೋಳಿಮನೆ

ಎಲ್ಲರಿಗೂ ನಮಸ್ಕಾರ. ಗೌರಿಬಿದನೂರಿನಿಂದ ಹನ್ನೊಂದು ಕಿಲೋಮೀಟರ್ ಆಚೆ ನಮ್ಮ ಊರು. 2,000 ಬ್ರಾಯ್ಲರ್ ಹಿಡಿಸುವ ಒಂದು ಶೆಡ್ ಇದೆ. ಐದು ವರ್ಷ ಕಂಪನಿಗೆ ಸಾಕಿಕೊಟ್ಟೆವು. ಮರಿ ಅವರದು, ಫೀಡ್ ಅವರದು, ಕೆಜಿಗೆ ಇಷ್ಟು ಅಂತ ಸಾಕಿದ ಕೂಲಿ ನಮಗೆ. ಕಳೆದ ವರ್ಷ ಅದನ್ನು ಬಿಟ್ಟೆವು. ಈಗ ಮರಿ ನಾವೇ ತರುತ್ತೇವೆ, ಫೀಡ್ ನಾವೇ ಬೆರೆಸುತ್ತೇವೆ, ಸುತ್ತಲಿನ ಆರು ಚಿಕನ್ ಅಂಗಡಿಗೆ ಲೈವ್, ಅಂದರೆ ಜೀವಂತ ಕೋಳಿ, ಕೊಡುತ್ತೇವೆ. ಗಾಡಿ, ಅಂಗಡಿ ವಸೂಲಿ ಯಜಮಾನರದು. ಶೆಡ್ಡು, ಫೀಡು, ಲೆಕ್ಕದ ಪುಸ್ತಕ ನನ್ನದು.

ಮುಸುಕಿನ ಜೋಳಕ್ಕೆ ತೊಂದರೆ ಇಲ್ಲ. ಅರ್ಧ ನಮ್ಮ ಹೊಲದ್ದೇ, ಉಳಿದದ್ದು ಊರಲ್ಲೇ ಸಿಗುತ್ತದೆ. ತಲೆನೋವು ಸೋಯಾ ಹಿಂಡಿಯದು. ನಾವು ತಗೊಳ್ಳುವುದು ಚೂರುಪಾರು ಲೆಕ್ಕದಲ್ಲಿ. ಲೋಡುಗಟ್ಟಲೆ ತಗೊಳ್ಳುವವರ ರೇಟು ನಮಗಿಲ್ಲ. ಮನೆ ಬಾಗಿಲಿಗೆ ಬೀಳುವಾಗ ಕೆಜಿಗೆ 44 ರೂಪಾಯಿ.

ನನ್ನ ತಮ್ಮ ಪಾವಗಡದಲ್ಲಿ ಮರದ ಗಾಣ ಇಟ್ಟಿದ್ದಾನೆ. ಕಡಲೆಕಾಯಿ ಎಣ್ಣೆ ಬೆಂಗಳೂರಿನವರೆಗೂ ಹೋಗುತ್ತದೆ. ಹಿಂಡಿಯನ್ನು ಹಸು ಇರುವವರಿಗೆ 40ಕ್ಕೆ ಮಾರುತ್ತಾನೆ. ನನಗೆ ಅಕ್ಕ ಅಂತ 28ಕ್ಕೆ ಕೊಡುತ್ತೇನೆ ಅಂದಿದ್ದಾನೆ. ಪ್ರೋಟೀನ್ ಎರಡರಲ್ಲೂ ಹತ್ತಿರ ಹತ್ತಿರ ಒಂದೇ ಅಂತ ಕೇಳಿದ್ದೇನೆ. ಹಾಗಿದ್ದ ಮೇಲೆ ಸೋಯಾ ಅರ್ಧ ತೆಗೆದು ಇದನ್ನು ಹಾಕಬಾರದಾ?

ನನ್ನ ಫಿನಿಷರ್, ಅಂದರೆ ಕೊನೆಯ ಹಂತದ ಫೀಡ್, 100 ಕೆಜಿಗೆ ಹೀಗಿದೆ. ಜೋಳ 62, ಸೋಯಾ 30, ಎಣ್ಣೆ 3, ಉಳಿದ 5 ಕೆಜಿಯಲ್ಲಿ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್), ಸುಣ್ಣಕಲ್ಲಿನ ಪುಡಿ, ಉಪ್ಪು, ಪ್ರೀಮಿಕ್ಸ್ (ವಿಟಮಿನ್, ಖನಿಜದ ಪುಡಿ), ಮೆಥಿಯೋನಿನ್ (ಒಂದು ಅಮೈನೋ ಆಮ್ಲ) ಎಲ್ಲ. ಇದರಲ್ಲಿ 15 ಕೆಜಿ ಸೋಯಾ ತೆಗೆದು 15 ಕೆಜಿ ಕಡಲೆಕಾಯಿ ಹಿಂಡಿ ಹಾಕಿದರೆ 240 ರೂಪಾಯಿ ಉಳಿಯುತ್ತದೆ. ಕಳೆದ ಬ್ಯಾಚಿನ ಕೊನೆಯಲ್ಲಿ ಉಳಿದ 300 ಕೋಳಿಗೆ ನಾಲ್ಕು ದಿನ ಹಾಗೇ ಹಾಕಿ ನೋಡಿದೆ. ಹಿಕ್ಕೆ ಸ್ವಲ್ಪ ತೆಳುವಾಯಿತು, ಬೇರೆ ಏನೂ ಆಗಲಿಲ್ಲ. ಮಾಡಿದವರು ಇದ್ದರೆ ಹೇಳಿ.

ಅಜೋಲಾ ಪ್ರೇಮಿ

ಮೇಡಂ, ಹಿಂಡಿಗೆಲ್ಲ ಯಾಕೆ ದುಡ್ಡು? ಅಜೋಲಾ ಬೆಳೆಯಿರಿ, ನೀರಿನ ಮೇಲೆ ತೇಲುವ ಸಣ್ಣ ಗಿಡ. ಗುಂಡಿ ತೋಡಿ ಪ್ಲಾಸ್ಟಿಕ್ ಹಾಸಿದರೆ ಸಾಕು. ಪ್ರೋಟೀನ್ 25%. ನಾನು ಮನೆ ಹಿಂದೆ 12 ನಾಟಿ ಕೋಳಿಗೆ ಹಾಕುತ್ತಿದ್ದೇನೆ, ಸೂಪರ್.

ಶಿಡ್ಲಘಟ್ಟ ರೀಲರ್

ನಮ್ಮ ಕಡೆ ರೇಷ್ಮೆ ಬಿಚ್ಚಿದ ಮೇಲೆ ಉಳಿಯುವ ಹುಳ ಒಣಗಿಸಿ ಮಾರುತ್ತೇವೆ. ಪ್ರೋಟೀನ್ ಸೋಯಾಗಿಂತ ಜಾಸ್ತಿ. ಬೇಕಿದ್ದರೆ ಹೇಳಿ ಅಕ್ಕ.

ಗೌರಿಬಿದನೂರು ಕೋಳಿಮನೆ

ಹುಳದ ವಾಸನೆ ಮಾಂಸಕ್ಕೆ ಹತ್ತುತ್ತದೆ ಅಂತ ನಮ್ಮ ಅಂಗಡಿಯವರೊಬ್ಬರು ಮೊದಲೇ ಹೇಳಿಬಿಟ್ಟಿದ್ದಾರೆ ಅಣ್ಣ. ಗಿರಾಕಿ ಕಳೆದುಕೊಳ್ಳುವ ಧೈರ್ಯ ನನಗಿಲ್ಲ. ಸದ್ಯಕ್ಕೆ ಹಿಂಡಿಯ ವಿಷಯವನ್ನೇ ನೋಡೋಣ.

ಚಿಂತಾಮಣಿ ಮಿಕ್ಸರ್

ನಾನು ಹದಿನಾಲ್ಕು ವರ್ಷ ಒಂದು ಫೀಡ್ ಮಿಲ್ಲಿನಲ್ಲಿ ಮಿಕ್ಸರ್ ಮೇಲೆ ನಿಂತವನು. ಈಗ ನನ್ನದೇ ಎರಡು ಶೆಡ್ ಇವೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಹಿಂಡಿಯ ಧೂಳು ಕುಡಿದಷ್ಟು ನೀರು ಕುಡಿದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅಜೋಲಾ ಮುಗಿಸಿಬಿಡೋಣ. ಆ 25% ಇರುವುದು ಪೂರ್ತಿ ಒಣಗಿಸಿದ ಮೇಲೆ. ಗುಂಡಿಯಿಂದ ಎತ್ತಿದ ಒಂದು ಕೆಜಿ ಅಜೋಲಾದಲ್ಲಿ 940 ಗ್ರಾಂ ಬರೀ ನೀರು. ಉಳಿದ 60 ಗ್ರಾಂನಲ್ಲಿ ಪ್ರೋಟೀನ್ 14 ಗ್ರಾಂ ಅಂತ ಇಟ್ಟುಕೊಳ್ಳಿ. ನಾಲ್ಕು ವಾರದ 2,000 ಬ್ರಾಯ್ಲರ್ ದಿನಕ್ಕೆ ಸುಮಾರು 300 ಕೆಜಿ ಫೀಡ್ ತಿನ್ನುತ್ತವೆ. ಅದರಲ್ಲಿ ಪ್ರೋಟೀನ್ 60 ಕೆಜಿ. ಅದರ ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ 3 ಕೆಜಿ, ಅಜೋಲಾದಿಂದ ಕೊಡಬೇಕಾದರೆ ದಿನಾ 200 ಕೆಜಿಗಿಂತ ಜಾಸ್ತಿ ಎತ್ತಬೇಕು. ಅಕ್ಕ ಕೋಳಿ ಸಾಕಬೇಕಾ, ಕೆರೆ ಸಾಕಬೇಕಾ? 12 ನಾಟಿ ಕೋಳಿಗೆ ಚೆನ್ನ, ಬೇಡ ಅನ್ನುವುದಿಲ್ಲ.

ಈಗ ಹಿಂಡಿ. ಪ್ರೋಟೀನ್ ಹತ್ತಿರ ಹತ್ತಿರ ಒಂದೇ ಅಂತ ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಸೋಯಾ ಹಿಂಡಿ 46 ಇದ್ದರೆ, ಸಿಪ್ಪೆ ತೆಗೆದು ಆಡಿಸಿದ ಕಡಲೆಕಾಯಿ ಹಿಂಡಿ 42, 43 ಇರುತ್ತದೆ. ನಿಮ್ಮ 15 ಕೆಜಿ ಅದಲುಬದಲಿನಲ್ಲಿ ಫೀಡಿನ ಪ್ರೋಟೀನ್ ಅರ್ಧ ಪಾಯಿಂಟ್ ಆಚೀಚೆ ಆಗಬಹುದು, ಅಷ್ಟೇ. ಅದನ್ನು ನೋಡಿಕೊಂಡೇ ಎಲ್ಲರೂ ಮೋಸ ಹೋಗುವುದು. ಕೋಳಿಗೆ ಬೇಕಾದದ್ದು ಪ್ರೋಟೀನ್ ಅಲ್ಲ, ಅದರೊಳಗಿನ ಅಮೈನೋ ಆಮ್ಲ. ಅದರಲ್ಲೂ ಲೈಸಿನ್. ಸೋಯಾದಲ್ಲಿ ಲೈಸಿನ್ 2.8%. ಕಡಲೆಕಾಯಿ ಹಿಂಡಿಯಲ್ಲಿ 1.5%. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ನಿಮ್ಮ ಫಿನಿಷರ್‌ನಲ್ಲಿ 30 ಕೆಜಿ ಸೋಯಾದಿಂದ 840 ಗ್ರಾಂ ಲೈಸಿನ್ ಬರುತ್ತದೆ, ಜೋಳದಿಂದ 155 ಗ್ರಾಂ. ಒಟ್ಟು ಹೆಚ್ಚುಕಡಿಮೆ ಒಂದು ಕೆಜಿ. ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಫಿನಿಷರ್‌ಗೆ ಕೇಳುವುದೂ 1% ಲೈಸಿನ್. ಅಂದರೆ ನೀವು ಗೆರೆಯ ಮೇಲೆ ನಿಂತಿದ್ದೀರಿ. 15 ಕೆಜಿ ಬದಲಾಯಿಸಿದ ತಕ್ಷಣ 195 ಗ್ರಾಂ ಹೋಯಿತು. ಐದರಲ್ಲಿ ಒಂದು ಪಾಲು ಮಾಯ. ಮದುವೆ ಮನೆಯಲ್ಲಿ ನೂರು ಎಲೆ ಹಾಕಿ, ನೂರು ಮುದ್ದೆ ಇಟ್ಟು, ಸಾರು ಮಾತ್ರ 80 ಜನಕ್ಕಾಗುವಷ್ಟು ಮಾಡಿದ ಹಾಗೆ. ಉಳಿದ 20 ಮುದ್ದೆ ಯಾರಿಗೆ ಬೇಕು? ಕೋಳಿಯೂ ಆ ಉಳಿದ ಪ್ರೋಟೀನನ್ನು ಮೈಗೆ ಹತ್ತಿಸಿಕೊಳ್ಳಲಾರದು. ಹಿಕ್ಕೆಯಲ್ಲಿ ಹೊರಗೆ ಹಾಕುತ್ತದೆ. ಲಿಟ್ಟರ್ (ನೆಲಕ್ಕೆ ಹಾಸಿದ ಹೊಟ್ಟು) ಒದ್ದೆ, ಶೆಡ್ಡಿಗೆ ಕಾಲಿಟ್ಟರೆ ಕಣ್ಣು ಉರಿ. ಎದೆ ಮಾಂಸ ಕಡಿಮೆ, ಹೊಟ್ಟೆ ಕೊಬ್ಬು ಜಾಸ್ತಿ. ನಾಲ್ಕು ದಿನದಲ್ಲಿ ಇದು ಕಾಣುವುದಿಲ್ಲ. ನೀವು ನೋಡಿದ ತೆಳು ಹಿಕ್ಕೆ ಇದರ ಶುರು ಇರಬಹುದು.

ಹಾಗಂತ ಬೇಡ ಅನ್ನುವುದಿಲ್ಲ. ಲೈಸಿನ್ ಪುಡಿ ಸಿಗುತ್ತದೆ, ಅದನ್ನು ಸೇರಿಸಿ ಸರಿ ಮಾಡಬಹುದು. ಆದರೆ 15 ಬೇಡ, 8 ಕೆಜಿಗೆ ನಿಲ್ಲಿಸಿ. ಅದೂ ಫಿನಿಷರ್‌ನಲ್ಲಿ ಮಾತ್ರ. ಮರಿಗಳಿಗೆ ಹಾಕುವ ಪ್ರೀ ಸ್ಟಾರ್ಟರ್, ಸ್ಟಾರ್ಟರ್ ಮುಟ್ಟಬೇಡಿ. 8 ಕೆಜಿ ಬದಲಾಯಿಸಿದರೆ ಲೈಸಿನ್ 104 ಗ್ರಾಂ ಕಡಿಮೆ ಬೀಳುತ್ತದೆ. ಪುಡಿಯಲ್ಲಿ ಅಸಲು ಲೈಸಿನ್ ಇರುವುದು 78%. ಕಡಲೆಕಾಯಿಯ ಲೈಸಿನ್ ಸೋಯಾದಷ್ಟು ಅರಗುವುದೂ ಇಲ್ಲ. ಎಲ್ಲ ಸೇರಿಸಿ 160 ಗ್ರಾಂ ಪುಡಿ ಹಾಕಿ. ಥ್ರಿಯೋನಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲವೂ ಕಡಿಮೆ, ಅದು 60 ಗ್ರಾಂ. ಈಗ ಹಾಕುತ್ತಿರುವ ಮೆಥಿಯೋನಿನ್ ಮೇಲೆ ಇನ್ನು 15 ಗ್ರಾಂ.

ಈಗ ದುಡ್ಡು. 8 ಕೆಜಿಗೆ 16 ರೂಪಾಯಿಯಂತೆ ಉಳಿದದ್ದು 128. ನನಗೆ ಸಿಗುವ ರೇಟಿನಲ್ಲಿ ಲೈಸಿನ್‌ಗೆ 27, ಥ್ರಿಯೋನಿನ್ ಮೆಥಿಯೋನಿನ್ ಎರಡಕ್ಕೂ ಸೇರಿ 13, ಬೂಷ್ಟಿನ ವಿಷ ಹಿಡಿದಿಡುವ ಟಾಕ್ಸಿನ್ ಬೈಂಡರ್‌ಗೆ 8. ಕಳೆದರೆ 80. ಕೆಜಿ ಫೀಡಿಗೆ 80 ಪೈಸೆ. ಒಂದು ಕೋಳಿ ಫಿನಿಷರ್ 2.3 ಕೆಜಿ ತಿನ್ನುತ್ತದೆ. ಅಂದರೆ ಕೋಳಿಗೆ ಒಂದು ರೂಪಾಯಿ ಎಂಬತ್ತು ಪೈಸೆ ಚಿಲ್ಲರೆ. ಲೈವ್ ರೇಟು 95 ಅಂತ ಹಿಡಿದರೆ ಅದು 20 ಗ್ರಾಂ ತೂಕದ ದುಡ್ಡು. ಇಷ್ಟೇ ನಿಮ್ಮ ಕೈಯಲ್ಲಿರುವ ಜಾಗ. ಕೋಳಿ 20 ಗ್ರಾಂ ಕಡಿಮೆ ತೂಗಿದರೆ ನೀವು ಮಾಡಿದ್ದೆಲ್ಲ ಸುಮ್ನೆ. ಹಿಂಡಿಯ ಚೀಲದ ರೇಟು ನೋಡಬೇಡಿ, ತಕ್ಕಡಿ ನೋಡಿ.

ಗಾಣದ ಹಿಂಡಿಯಲ್ಲಿ ಎಣ್ಣೆ ಇರುತ್ತದೆ, ಹಾಗಾಗಿ ಫೀಡಿಗೆ ಹಾಕುವ ಎಣ್ಣೆ ಕಾಲು ಕೆಜಿ ಇಳಿಸಬಹುದು ಅನ್ನುವವರಿದ್ದಾರೆ. ಲೆಕ್ಕಕ್ಕೆ ಸರಿ. ಆದರೆ ಗಾಣದಿಂದ ಗಾಣಕ್ಕೆ, ವಾರದಿಂದ ವಾರಕ್ಕೆ ಆ ಎಣ್ಣೆ ಬದಲಾಗುತ್ತದೆ. ಮೊದಲ ಬ್ಯಾಚಿಗೆ ಅದಕ್ಕೆ ಕೈ ಹಾಕಬೇಡಿ. ಅದೇ ಎಣ್ಣೆ ಬೇಸಿಗೆಯಲ್ಲಿ ಕಮಟು ಹಿಡಿಯುತ್ತದೆ ಅನ್ನುವುದೂ ನೆನಪಿರಲಿ.

ಎರಡು ಪ್ರಶ್ನೆ. ನಿಮ್ಮ ತಮ್ಮ ಸಿಪ್ಪೆ ಸಮೇತ ಆಡಿಸುತ್ತಾರಾ, ಬಿಡಿಸಿದ ಬೀಜ ಮಾತ್ರಾನಾ? ಗಾಣಕ್ಕೆ ನೀರು ಚಿಮುಕಿಸುತ್ತಾರಾ?

ಗೌರಿಬಿದನೂರು ಕೋಳಿಮನೆ

ಲೆಕ್ಕ ನೋಡಿ ತಲೆ ತಿರುಗಿತು ಅಣ್ಣ. 240 ಉಳಿಯುತ್ತೆ ಅಂತ ಕೂತಿದ್ದೆ, 80ಕ್ಕೆ ತಂದು ನಿಲ್ಲಿಸಿದಿರಿ.

ತಮ್ಮನಿಗೆ ಫೋನ್ ಮಾಡಿದೆ. ಬಿಡಿಸಿದ ಬೀಜ ಮಾತ್ರ ಹಾಕುತ್ತಾನೆ. ನೀರು ಹೌದು, ಚಿಮುಕಿಸುತ್ತಾನೆ. ಇಲ್ಲದಿದ್ದರೆ ಹಿಂಡಿ ಕಟ್ಟುವುದಿಲ್ಲ, ಎಣ್ಣೆ ಬಿಡುವುದಿಲ್ಲ ಅಂದ. ಹಿಂಡಿ ಬಿಸಿ ಇರುವಾಗಲೇ ಚೀಲಕ್ಕೆ ತುಂಬಿ ಹಿಂದಿನ ಕೋಣೆಯಲ್ಲಿ ಜೋಡಿಸುತ್ತಾನಂತೆ. ಈಗ ಅಲ್ಲಿ 22 ಚೀಲ ಇವೆ. ಮೂರು ನಾಲ್ಕು ಚೀಲದ ಮೂಲೆಯಲ್ಲಿ ಸ್ವಲ್ಪ ಬೂಷ್ಟು ಬಂದಿದೆ, ಕೆರೆದು ತೆಗೆದರೆ ಆಯಿತು ಅಂತಾನೆ. ಹುರಿದು ಹಾಕಿದರೆ ಸರಿ ಹೋಗುತ್ತಾ?

ನಿವೃತ್ತ ಪಶುವೈದ್ಯ, ತುಮಕೂರು

ಅಮ್ಮ, ಆ ಮೂರು ನಾಲ್ಕು ಚೀಲ ತಿಪ್ಪೆಗೆ ಹಾಕಿಸಿ. ಹುರಿಯುವುದು, ಕುದಿಸುವುದು, ಕೆರೆಯುವುದು ಯಾವುದೂ ನಡೆಯುವುದಿಲ್ಲ.

ಬೂಷ್ಟು ಕಣ್ಣಿಗೆ ಕಾಣುತ್ತದೆ. ಅದು ಬಿಟ್ಟು ಹೋಗುವ ವಿಷ ಕಾಣುವುದಿಲ್ಲ. ಅದರ ಹೆಸರು ಅಫ್ಲಾಟಾಕ್ಸಿನ್. ಮನೆ ಒಲೆಯ ಶಾಖಕ್ಕೆ ಬೂಷ್ಟು ಸಾಯುತ್ತದೆ, ವಿಷದ ಬಹುಪಾಲು ಹಾಗೇ ಉಳಿಯುತ್ತದೆ. ಇನ್ನೊಂದು ವಿಚಿತ್ರ ಇದೆ. ಬೀಜ ಆಡಿಸಿದಾಗ ಈ ವಿಷ ಎಣ್ಣೆಗೆ ಹೋಗುವುದು ಸ್ವಲ್ಪ, ಹಿಂಡಿಯಲ್ಲಿ ನಿಲ್ಲುವುದೇ ಜಾಸ್ತಿ. ಅಂದರೆ ಕೋಳಿಯ ಪಾಲಿಗೆ ಬಂದದ್ದು ಅದೇ.

ಇದು ಜಗತ್ತಿಗೆ ಗೊತ್ತಾದದ್ದೇ ಕಡಲೆಕಾಯಿ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ಯಾವ ರೋಗ ಅಂತ ತಿಳಿಯದೆ 'ಟರ್ಕಿ ಎಕ್ಸ್' ಅಂತ ಹೆಸರಿಟ್ಟರು. ಕೊನೆಗೆ ಜಾಡು ಹಿಡಿದು ಹೋದರೆ, ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ! ನಾವು ಕಾಲೇಜಿನಲ್ಲಿ ಇದನ್ನು ಓದುವಾಗ ಮೇಷ್ಟ್ರು ಹೇಳುತ್ತಿದ್ದರು, ನಿಮ್ಮ ಪಾವಗಡ, ಶಿರಾ ಕಡೆಯವರು ಇದನ್ನು ಎರಡು ಸಲ ಓದಿ ಅಂತ. ಅವರು ಹೇಳಿದ್ದಕ್ಕೆ ಕಾರಣ ಇತ್ತು. ಕಡಲೆಕಾಯಿ ಬಲಿಯುವ ಕೊನೆಯ ತಿಂಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ, ಈ ಬೂಷ್ಟು ನೆಲದೊಳಗೇ ಕಾಯಿಗೆ ಹತ್ತುತ್ತದೆ. ಕಿತ್ತ ಮೇಲೆ ಮಳೆ ಬಂದು ಬಳ್ಳಿ ನೆನೆದರೆ ಇನ್ನಷ್ಟು. ಆ ಸೀಮೆಯಲ್ಲಿ ಎರಡೂ ಹೊಸದಲ್ಲ, ಅಲ್ವಾ?

ನನ್ನ ಸರ್ವಿಸಿನಲ್ಲಿ ಇಂಥ ಕೋಳಿ ಎಷ್ಟೋ ಕೊಯ್ದು ನೋಡಿದ್ದೇನೆ. ಪಿತ್ತಕೋಶದ ಪಕ್ಕದ ಲಿವರ್ ಕೆಂಪಗೆ ಇರಬೇಕು. ಇವುಗಳಲ್ಲಿ ಹಳದಿ ತಿರುಗಿ ಊದಿಕೊಂಡಿರುತ್ತದೆ, ಬೆರಳಿಟ್ಟರೆ ಕುಸಿಯುತ್ತದೆ. ಸಾಯುವುದು ಕೊನೆಯ ಮಾತು. ಅದಕ್ಕೆ ಮೊದಲು ತೂಕ ನಿಲ್ಲುತ್ತದೆ, ಕೋಳಿ ಒಂದು ದೊಡ್ಡದು ಒಂದು ಸಣ್ಣದು ಆಗುತ್ತವೆ. ರೋಗ ತಡೆಯುವ ಶಕ್ತಿ ಇಳಿದು, ಹಾಕಿದ ಗಂಬೋರೊ, ರಾಣಿಖೇತ್ ಲಸಿಕೆ ಹಿಡಿಯುವುದಿಲ್ಲ. ರೈತರು ಬಂದು ಲಸಿಕೆ ಸರಿ ಇರಲಿಲ್ಲ ಡಾಕ್ಟ್ರೇ ಅನ್ನುತ್ತಾರೆ. ಗೋದಾಮು ತೋರಿಸಿ ಅಂದರೆ ಮುಖ ನೋಡುತ್ತಾರೆ.

ಬಿಐಎಸ್ ಕೋಳಿ ಆಹಾರದಲ್ಲಿ ಅಫ್ಲಾಟಾಕ್ಸಿನ್ ಬಿ1ಗೆ ಇಟ್ಟಿರುವ ಮಿತಿ 20 ಪಿಪಿಬಿ. ಒಂದು ಟನ್ ಫೀಡಿನಲ್ಲಿ 20 ಮಿಲಿಗ್ರಾಂ. ಹಿಂಡಿಯಲ್ಲಿ 200 ಇದ್ದು ನೀವು 8% ಹಾಕಿದರೆ ಫೀಡಿಗೆ 16 ಬಂತು. ಜೋಳದಲ್ಲಿ ಸ್ವಲ್ಪ ಇದ್ದರೆ ಅಲ್ಲಿಗೆ ಮಿತಿ ದಾಟಿತು. ಬೈಂಡರ್ ಅಂದರೆ ಒಂದು ಜಾತಿ ಜೇಡಿಮಣ್ಣು, ವಿಷವನ್ನು ಸ್ವಲ್ಪ ಹಿಡಿದಿಡುತ್ತದೆ. ಬೂಷ್ಟು ಹಿಡಿದ ಹಿಂಡಿಗೆ ಅದು ಪರವಾನಗಿ ಅಲ್ಲ.

ಹಿಂಡಿಯನ್ನು ಪರೀಕ್ಷೆ ಮಾಡಿಸದೆ ಹಾಕಬೇಡಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಹಾರ ವಿಭಾಗದಲ್ಲಿ ವಿಚಾರಿಸಿ. ಸ್ಯಾಂಪಲ್ ತೆಗೆಯುವುದರಲ್ಲೇ ಎಲ್ಲರೂ ತಪ್ಪುವುದು. ಒಂದೇ ಚೀಲದ ಮೇಲಿನ ಒಂದು ಹಿಡಿ ಕೊಟ್ಟರೆ ಪ್ರಯೋಜನ ಇಲ್ಲ. ವಿಷ ಎಲ್ಲ ಕಡೆ ಸಮ ಇರುವುದಿಲ್ಲ, ಒಂದು ಉಂಡೆಯಲ್ಲಿ ಕೂತಿರುತ್ತದೆ. ಎಲ್ಲ ಚೀಲದ ಮೇಲೆ, ನಡುವೆ, ತಳದಿಂದ ತೆಗೆದು, ಪುಡಿ ಮಾಡಿ, ಬೆರೆಸಿ, ಅದರಲ್ಲಿ ಅರ್ಧ ಕೆಜಿ ಕಳಿಸಿ.

ಇನ್ನೊಂದು ಮಾತು. ನಿಮ್ಮ ತಮ್ಮ ಅದೇ ಹಿಂಡಿಯನ್ನು ಹಸುವಿಗೆ ಮಾರುತ್ತಾರಲ್ಲ, ಹಸು ತಿಂದರೆ ಆ ವಿಷ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಅದನ್ನು ಎಂ1 ಅನ್ನುತ್ತಾರೆ. ಹಾಲು ಕುಡಿಯುವವರು ಮಕ್ಕಳು. ಇದನ್ನು ಅವರಿಗೆ ಹೇಳಿ.

ಗೌರಿಬಿದನೂರು ಕೋಳಿಮನೆ

ಡಾಕ್ಟ್ರೇ, ನಿಮ್ಮ ಮಾತು ಹಾಗೇ ತಮ್ಮನಿಗೆ ಓದಿ ಹೇಳಿದೆ. ಐದು ನಿಮಿಷ ಮಾತಾಡಲಿಲ್ಲ. ನಾಲ್ಕು ಚೀಲ ಎಸೆದಿದ್ದಾನೆ. ಇನ್ನು ಮೇಲೆ ಒಣಗಿಸಿ ತುಂಬುತ್ತೇನೆ ಅಂದ.

ತಿಪಟೂರು ಕೊಬ್ಬರಿ

ನಮ್ಮಲ್ಲಿ ಕೊಬ್ಬರಿ ಹಿಂಡಿ ಬೇಕಾದಷ್ಟಿದೆ. ಅದಕ್ಕೂ ಏನಾದರೂ ದಾರಿ ಇದೆಯಾ ಮಿಕ್ಸರ್ ಅಣ್ಣ?

ಚಿಂತಾಮಣಿ ಮಿಕ್ಸರ್

ಹಸುವಿಗೆ ಹಾಕಿ ಸ್ವಾಮಿ. ಪ್ರೋಟೀನ್ 20, 22. ನಾರು ಜಾಸ್ತಿ. ಲೈಸಿನ್ ಹುಡುಕಬೇಕು. ನೀರು ಕುಡಿದು ಉಬ್ಬುತ್ತದೆ, ಬ್ರಾಯ್ಲರ್‌ಗೆ ಹೊಟ್ಟೆ ತುಂಬಿದ ಹಾಗಾಗಿ ತಿನ್ನುವುದನ್ನೇ ನಿಲ್ಲಿಸುತ್ತದೆ. ಗಿರಿರಾಜ ಥರದ ನಿಧಾನವಾಗಿ ಬೆಳೆಯುವ ಕೋಳಿ ಇದ್ದರೆ ಸ್ವಲ್ಪ ನಡೆಯುತ್ತದೆ, ಅವು ನಾರು ತಡೆಯುತ್ತವೆ. ಸೂರ್ಯಕಾಂತಿ ಹಿಂಡಿಯದೂ ಇದೇ ಕಥೆ, ನಾರು. ಅದರಲ್ಲಿ ಮೆಥಿಯೋನಿನ್ ಮಾತ್ರ ಚೆನ್ನಾಗಿದೆ. ಹೊಂಗೆ ಹಿಂಡಿ, ಹಿಪ್ಪೆ ಹಿಂಡಿ ಕೇಳುವವರೂ ಇದ್ದಾರೆ. ಅವು ತೋಟಕ್ಕೆ, ಕೋಳಿಗಲ್ಲ.

ಮಾಲೂರು ಲೇಯರ್

ಎಲ್ಲರೂ ಡಿಡಿಜಿಎಸ್ ಅನ್ನುತ್ತಿದ್ದಾರಲ್ಲ, ಅದರ ಬಗ್ಗೆ ಯಾಕೆ ಯಾರೂ ಹೇಳುತ್ತಿಲ್ಲ? ಅಕ್ಕಿಯ ಡಿಡಿಜಿಎಸ್ 45% ಅಂತ ಚೀಲದ ಮೇಲೆ ಇರುತ್ತದೆ, ಸೋಯಾಗಿಂತ ಎಷ್ಟೋ ಕಡಿಮೆ ರೇಟು. ಕಡಲೆಕಾಯಿ ಹಿಂಡಿ ಯಾಕೆ ಬೇಕು?

ಚಿಂತಾಮಣಿ ಮಿಕ್ಸರ್

ಅಯ್ಯೋ, ನನ್ನ ಗಾಯಕ್ಕೇ ಕೈ ಹಾಕಿದಿರಿ. ಹೇಳುತ್ತೇನೆ.

ಗೊತ್ತಿಲ್ಲದವರಿಗೆ: ಪೆಟ್ರೋಲಿಗೆ ಬೆರೆಸುವ ಎಥೆನಾಲನ್ನು ಈಗ ಅಕ್ಕಿ, ಮುಸುಕಿನ ಜೋಳದಿಂದ ಬಟ್ಟಿ ಇಳಿಸುತ್ತಾರೆ. ಕಾಳಿನ ಪಿಷ್ಟವೆಲ್ಲ ಸ್ಪಿರಿಟ್ ಆಗಿ ಹೋಗುತ್ತದೆ. ಉಳಿದ ಗಸಿ ಒಣಗಿಸಿದರೆ ಡಿಡಿಜಿಎಸ್. ಮುಸುಕಿನ ಜೋಳದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟ, ಅಕ್ಕಿಯಲ್ಲಿ ಇನ್ನೂ ಜಾಸ್ತಿ. ಅದು ಹೋದ ಮೇಲೆ ಪ್ರೋಟೀನ್ ಕಡಿಮೆ ಅಂದರೂ ಮೂರು ಪಟ್ಟು ಗಟ್ಟಿಯಾಗುತ್ತದೆ. ಬೂಷ್ಟಿನ ವಿಷ ಇದ್ದರೆ ಅದೂ ಅಷ್ಟೇ ಪಟ್ಟು. ಡಾಕ್ಟ್ರು ಹೇಳಿದ್ದು ಇಲ್ಲಿಗೂ ಸೇರಿತು. ಒಣಗಿಸುವಾಗ ಶಾಖ ಜಾಸ್ತಿಯಾದರೆ ಲೈಸಿನ್ ಸುಟ್ಟುಹೋಗುತ್ತದೆ. ಹೊಂಬಣ್ಣ ಇದ್ದರೆ ಸರಿ, ಕಾಫಿ ಪುಡಿ ಬಣ್ಣ ಇದ್ದರೆ ಮುಟ್ಟಬೇಡಿ.

ನನ್ನ ಕಥೆ ಬೇರೆ. ಒಬ್ಬ ವ್ಯಾಪಾರಿಯ ಹತ್ತಿರ ಎರಡು ಟನ್ ತಂದೆ. ಬಣ್ಣ ಚೆನ್ನಾಗಿತ್ತು. ರಿಪೋರ್ಟ್ ತೋರಿಸಿದ, ಪ್ರೋಟೀನ್ 43. ನಾನೂ ಬೇರೆ ಕಡೆ ಮಾಡಿಸಿದೆ, 43 ಬಂತು. ಫೀಡಿಗೆ 7% ಹಾಕಿದೆ. ಹತ್ತು ದಿನಕ್ಕೆ ಕೋಳಿ ನೀರಿನ ಮುಂದಿನಿಂದ ಏಳುತ್ತಿಲ್ಲ. ಲಿಟ್ಟರ್ ಗಸಗಸ. ಭತ್ತದ ಹೊಟ್ಟು ಮತ್ತೆ ಮತ್ತೆ ಹಾಕಿ ಸಾಕಾಯಿತು. ತೂಕ ಹಿಂದೆ ಬಿತ್ತು. ಕಾಯಿಲೆ ಅಂತ ಔಷಧಿಗೂ ದುಡ್ಡು ಸುರಿದೆ.

ಹಳೆಯ ಮಿಲ್ಲಿನ ಸ್ನೇಹಿತ ಒಂದು ಮಾತು ಕೇಳಿದ: ಯೂರಿಯಾ ನೋಡಿಸಿದೆಯಾ? ನನಗೆ ಬುಡ ನಡುಗಿತು. ಲ್ಯಾಬಿನವರು ಪ್ರೋಟೀನ್ ಅಂತ ಅಳೆಯುವುದು ನಿಜವಾಗಿ ಸಾರಜನಕ. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಅಂತ ಬರೆಯುತ್ತಾರೆ. ಯೂರಿಯಾದಲ್ಲಿ ಸಾರಜನಕ 46%. ಗುಣಿಸಿದರೆ ಪ್ರೋಟೀನ್ 287! 30% ಇರುವ ಸರಕಿಗೆ ನೂರಕ್ಕೆ 5 ಕೆಜಿ ಯೂರಿಯಾ ಸೇರಿಸಿದರೆ ರಿಪೋರ್ಟಿನಲ್ಲಿ 43. ಸೊಸೈಟಿಯಲ್ಲಿ 45 ಕೆಜಿ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುವ ಗೊಬ್ಬರ ಅದು. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಅದನ್ನು ಪ್ರೋಟೀನ್ ಮಾಡುವ ಜೀವಿಗಳಿವೆ. ಕೋಳಿಗೆ ಆ ಹೊಟ್ಟೆ ಎಲ್ಲಿದೆ? ನೀರು ಕುಡಿದು ಹೊರಗೆ ಹಾಕುತ್ತದೆ, ಅಷ್ಟೇ.

ಅವತ್ತಿನಿಂದ ನಾನು ಮನೆಯಲ್ಲೇ ನೋಡುತ್ತೇನೆ. ಹಾಲಿಗೆ ಯೂರಿಯಾ ಬೆರೆಸಿದ್ದಾರಾ ಅಂತ ನೋಡುವ ವಿಧಾನವೇ. ಎರಡು ಚಮಚ ಸರಕು ಬಾಟಲಿಗೆ ಹಾಕಿ, ಉಗುರುಬೆಚ್ಚನೆ ನೀರು ಹಾಕಿ ಕುಲುಕಿ. ಅದಕ್ಕೆ ಅರ್ಧ ಚಮಚ ಹಸಿ ಸೋಯಾ ಕಾಳಿನ ಪುಡಿ. ಹುರಿದದ್ದಲ್ಲ, ಹಿಂಡಿಯೂ ಅಲ್ಲ, ಹಸಿ ಕಾಳು. ತೊಗರಿ ಪುಡಿಯೂ ನಡೆಯುತ್ತದೆ. ಮುಚ್ಚಳ ಹಾಕಿ ಅರ್ಧ ಗಂಟೆ ಬಿಡಿ. ಯೂರಿಯಾ ಇದ್ದರೆ ಮುಚ್ಚಳ ತೆಗೆದಾಗ ಲಿಟ್ಟರ್‌ನಿಂದ ಬರುವಂಥ ಘಾಟು ಮೂಗಿಗೆ ಹೊಡೆಯುತ್ತದೆ. ಕೆಂಪು ಲಿಟ್ಮಸ್ ಕಾಗದ ಅದ್ದಿದರೆ ನೀಲಿ ಆಗುತ್ತದೆ. ನನ್ನ ಎರಡು ಟನ್ನಿನ ಸರಕು ಮೂಗು ಹತ್ತಿರ ತಂದ ತಕ್ಷಣ ಉತ್ತರ ಕೊಟ್ಟಿತು. ಆ ವ್ಯಾಪಾರಿ ಫೋನ್ ಎತ್ತಲಿಲ್ಲ. ಅರ್ಧ ದುಡ್ಡು ಇನ್ನೂ ಬರಬೇಕು.

ಎಲ್ಲ ಡಿಡಿಜಿಎಸ್ ಹೀಗೆ ಅಂತ ನಾನು ಹೇಳುವುದಿಲ್ಲ. ಒಳ್ಳೆಯದು ಸಿಕ್ಕರೆ ಒಳ್ಳೆಯದೇ. ಆದರೆ ಅಕ್ಕನಿಗೆ ಹಿಂಡಿ ಯಾರು ಆಡಿಸಿದರು, ಯಾವತ್ತು ಆಡಿಸಿದರು ಅಂತ ಗೊತ್ತು. ನನಗೆ ಆ ಎರಡು ಟನ್ ಎಲ್ಲಿಂದ ಬಂತು ಅಂತಲೂ ಗೊತ್ತಿರಲಿಲ್ಲ.

ಅಕ್ಕ, ಪೂರ್ತಿ ಶೆಡ್ಡಿಗೆ ಹಾಕಬೇಡಿ. ಮಧ್ಯೆ ಬಲೆ ಕಟ್ಟಿ 500 ಬೇರೆ ಮಾಡಿ. 22ನೇ ದಿನದಿಂದ ಹೊಸ ಫಿನಿಷರ್ ಆ 500ಕ್ಕೆ ಮಾತ್ರ. ಅವತ್ತೇ ತೂಕ ಹಾಕಿ ಎರಡೂ ಕಡೆ ಸಮ ಇದೆಯಾ ನೋಡಿ, ಇಲ್ಲದಿದ್ದರೆ ಕೊನೆಗೆ ಜಗಳ. ಚೀಲ ಎಣಿಸಿ ಬರೆದಿಡಿ.

ಗೌರಿಬಿದನೂರು ಕೋಳಿಮನೆ (ಏಳು ವಾರದ ನಂತರ)

ಬ್ಯಾಚ್ ಮುಗಿಯಿತು. ಹೇಳದೆ ಇದ್ದರೆ ತಪ್ಪಾಗುತ್ತದೆ.

ತಮ್ಮ ಹೊಸ ಹಿಂಡಿ ಆಡಿಸಿ, ಚಕ್ಕೆ ಮುರಿದು, ಟಾರ್ಪಾಲಿನ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ ಕಳಿಸಿದ. ಒಣಗಿಸದೆ ಇದ್ದಾಗ ತೇವ 13 ಇತ್ತು, ಒಣಗಿದ ಮೇಲೆ 9. ಪರೀಕ್ಷೆಯಲ್ಲಿ ಅಫ್ಲಾಟಾಕ್ಸಿನ್ 24 ಪಿಪಿಬಿ ಬಂತು. 8% ಹಾಕಿದರೆ ಫೀಡಿಗೆ 2 ಅಂತ ನಾನೇ ಲೆಕ್ಕ ಹಾಕಿದೆ, ಡಾಕ್ಟ್ರೇ ಸರಿ ತಾನೇ?

ಮಿಕ್ಸರ್ ಅಣ್ಣ ಹೇಳಿದಂತೆ 500 ಬೇರೆ ಮಾಡಿದೆ. ಲೈಸಿನ್, ಥ್ರಿಯೋನಿನ್ ಎಲ್ಲ ಮೊದಲು ಎರಡು ಕೆಜಿ ಜೋಳದ ಪುಡಿಯಲ್ಲಿ ಕೈಯಲ್ಲಿ ಬೆರೆಸಿ ಆಮೇಲೆ ಮಿಕ್ಸರ್‌ಗೆ ಸುರಿದೆ. 38ನೇ ದಿನ ಕೋಳಿ ಹಿಡಿಸಿ ಮಾರಿದೆವು. ಹಿಂಡಿ ತಿಂದವು ಸರಾಸರಿ 2.09 ಕೆಜಿ. ಉಳಿದವು 2.11. ಫಿನಿಷರ್ ಖರ್ಚಾದದ್ದು 1,150 ಕೆಜಿ, 80 ಪೈಸೆಯಂತೆ ಉಳಿದದ್ದು 920 ರೂಪಾಯಿ. 494 ಕೋಳಿಗೆ 20 ಗ್ರಾಂ ಅಂದರೆ 9.9 ಕೆಜಿ ತೂಕ ಹೋಯಿತು. ಲೈವ್ ರೇಟು ಅವತ್ತು 98 ಇತ್ತು. ಹೋದದ್ದು 970. ಕೊನೆಗೆ 50 ರೂಪಾಯಿ ನಷ್ಟ, ಪರೀಕ್ಷೆಯ ಫೀಸು ಬೇರೆ.

ಲಿಟ್ಟರ್ ಎರಡೂ ಕಡೆ ಒಣಗಿತ್ತು. ಸಾವು ಎರಡೂ ಕಡೆ ಒಂದೇ ಥರ. ಅಂಗಡಿಯವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಯಜಮಾನರು ನಕ್ಕರು, ಏಳು ವಾರ ಕಷ್ಟಪಟ್ಟು 50 ರೂಪಾಯಿ ಕಳೆದೆ ಅಂತ. ನನಗೆ ಹಾಗನ್ನಿಸಲಿಲ್ಲ. 2021ರಲ್ಲಿ ಸೋಯಾ ಹಿಂಡಿ 100 ರೂಪಾಯಿ ಹತ್ತಿರ ಹೋಗಿ, ಸರ್ಕಾರ 12 ಲಕ್ಷ ಟನ್ ಹೊರಗಿನಿಂದ ತರಲು ಒಪ್ಪಿಗೆ ಕೊಟ್ಟಿತಲ್ಲ, ಆಗ ನಾವು ಕಂಪನಿಗೆ ಸಾಕುತ್ತಿದ್ದೆವು, ಬಿಸಿ ತಟ್ಟಿರಲಿಲ್ಲ. ಮತ್ತೆ ಹಾಗಾದರೆ ನನ್ನ ಪುಸ್ತಕದಲ್ಲಿ ಲೆಕ್ಕ ರೆಡಿ ಇದೆ. ಸೋಯಾ 55 ದಾಟಿದ ದಿನ ಹಿಂಡಿಗೆ ತಿರುಗುತ್ತೇನೆ. ಅಲ್ಲಿಯವರೆಗೆ ಸೋಯಾನೇ.

ಚಿಂತಾಮಣಿ ಮಿಕ್ಸರ್

ಲೆಕ್ಕ ಬರೆದಿಟ್ಟಿರಲ್ಲ, ಅದಕ್ಕೆ ನಮಸ್ಕಾರ. ನನ್ನ ಕೈಲಿ ಹದಿನಾಲ್ಕು ವರ್ಷದಲ್ಲಿ ಒಂದು ಪುಸ್ತಕ ತುಂಬಲಿಲ್ಲ. ಮುಂದಿನ ಸಲ ಲೈಸಿನ್ 180 ಗ್ರಾಂ ಮಾಡಿ ನೋಡಿ, ಆ 20 ಗ್ರಾಂ ತೂಕ ಸಿಕ್ಕರೂ ಸಿಕ್ಕೀತು. ಮತ್ತೆ ನಿಮ್ಮ ತಮ್ಮ ನಿಮಗೆ 28ಕ್ಕೆ ಕೊಟ್ಟು ಕೆಜಿಗೆ 12 ರೂಪಾಯಿ ಕಳೆದುಕೊಳ್ಳುತ್ತಿದ್ದ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಿವೃತ್ತ ಪಶುವೈದ್ಯ, ತುಮಕೂರು

2 ಸರಿ ಇದೆ ಅಮ್ಮ. ಜೋಳವನ್ನೂ ಒಮ್ಮೆ ನೋಡಿಸಿ.

ಗೌರಿಬಿದನೂರು ಕೋಳಿಮನೆ

ಆಗಲಿ ಡಾಕ್ಟ್ರೇ. ಮಿಕ್ಸರ್ ಅಣ್ಣ, ಆ 12 ರೂಪಾಯಿಯನ್ನು ತಮ್ಮನ ಹೆಂಡತಿ ಲೆಕ್ಕಕ್ಕೆ ಹಿಡಿದಿದ್ದಳು, ನನಗೆ ಹೇಳಿರಲಿಲ್ಲ ಅಷ್ಟೇ! ಈಗ ಒಣಗಿದ ಹಿಂಡಿ ಅಂತ ಹಸುವಿನವರೇ 42 ಕೊಟ್ಟು ಒಯ್ಯುತ್ತಿದ್ದಾರಂತೆ.

ತಿಪಟೂರು ಕೊಬ್ಬರಿ

ಬಿಸಿಲಿಗೆ ಹಾಕಿದರೆ ಕಾಗೆ, ಮೈನಾ ಬಿಡುತ್ತವಾ? ನಮ್ಮಲ್ಲಿ ಕೊಬ್ಬರಿ ಹಿಂಡಿಗೆ ಅದೇ ಕಾಟ.

ಗೌರಿಬಿದನೂರು ಕೋಳಿಮನೆ

ಚಿಕ್ಕಬಳ್ಳಾಪುರದಲ್ಲಿ ನಮ್ಮ ಚಿಕ್ಕಪ್ಪ ದ್ರಾಕ್ಷಿ ತೋಟ ತೆಗೆದರು. ಹಕ್ಕಿಗೆ ಅಂತ ಹಾಕಿದ್ದ ಬಲೆ ಸುತ್ತಿಟ್ಟಿದ್ದರು. ಅದನ್ನು ಕೊಟ್ಟು ಕಳಿಸಿದ್ದೇನೆ. ಒಂದು ಕಡೆ ಇಲಿ ಕಡಿದಿದೆ, ಅಲ್ಲಿ ಹಳೇ ಸೀರೆ ಹೊಲಿದು ಕೊಟ್ಟೆ.